ಬಂದವರೆಷ್ಟು, ಕೇಳಿದವರೆಷ್ಟು?

ಅಂಗಡಿ ಇಟ್ಟವನಿಗೆ ಎರಡು ಲೆಕ್ಕ ಗೊತ್ತಿರಬೇಕು. ಒಂದು, ಗಲ್ಲಾಪೆಟ್ಟಿಗೆಯ ಲೆಕ್ಕ. ಅದನ್ನು ರಾತ್ರಿ ಬಾಗಿಲು ಎಳೆದ ಮೇಲೆ ನಿಧಾನವಾಗಿ ಎಣಿಸಬಹುದು. ಇನ್ನೊಂದು, ಬಂದು, ನೋಡಿ, ಮುಟ್ಟಿ, ಏನೂ ಕೊಳ್ಳದೆ ಹೋದವರ ಲೆಕ್ಕ. ಇದಕ್ಕೆ ನೋಟಿಲ್ಲ, ನಾಣ್ಯವಿಲ್ಲ, ಪಾವತಿಯೂ ಇಲ್ಲ. ಆದರೂ ಹಳೆಯ ವ್ಯಾಪಾರಿಗಳು ಇದನ್ನು ತಪ್ಪದೆ ಇಡುತ್ತಿದ್ದರು. ಕೊಪ್ಪಳದ ಪೇಟೆಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತವರು, ಮೆಟ್ಟಿಲ ಬಳಿ ಚಪ್ಪಲಿ ಬಿಡುವ ರೀತಿಯಲ್ಲೇ ಬಂದವರು ಮದುವೆ ಜವಳಿಗೆ ಬಂದವರೋ, ಬಸ್ಸು ಬರುವ ತನಕ ನೆರಳಿಗೆ ನಿಂತವರೋ ಎಂದು ಹೇಳಿಬಿಡುತ್ತಿದ್ದರು. ಸೀರೆಯ ಸೆರಗನ್ನು ಎರಡು ಸಲ ತಿರುವಿ ನೋಡಿದ ಹೆಣ್ಣುಮಗಳು ಈ ಸಲ ಕೊಳ್ಳದಿದ್ದರೂ ಗವಿಮಠದ ಜಾತ್ರೆಯ ಹೊತ್ತಿಗೆ ಮತ್ತೆ ಬರುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಆ ಸೀರೆಯನ್ನು ಅಲ್ಲಿಯವರೆಗೆ ಮೇಲಿನ ಅಟ್ಟಕ್ಕೆ ಹಾಕುತ್ತಿರಲಿಲ್ಲ.

ಈಗ ಅಂಗಡಿ ಕಂಪ್ಯೂಟರಿನೊಳಗೆ ಹೋಗಿದೆ. ಅಲ್ಲಿ ಮೆಟ್ಟಿಲಿಲ್ಲ, ಚಪ್ಪಲಿಯಿಲ್ಲ. ಗಿರಾಕಿ ರಾತ್ರಿ ಎರಡು ಗಂಟೆಗೆ ಬರುತ್ತಾನೆ, ಮಾಲೀಕ ಮಲಗಿರುತ್ತಾನೆ. ಬಂದವನು ಯಾರು, ಏಕೆ ಬಂದ, ಏಕೆ ಹೋದ ಎಂದು ಹೇಳುವವರಾರು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದು ಒಂದು ದೊಡ್ಡ ವಿದ್ಯೆಯಾಗಿದೆ. ಆ ವಿದ್ಯೆ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಹಣೆಬರಹದೊಳಗೆ ಹೇಗೆ ಬಂದು ಸೇರಿತು ಎಂಬುದು ಕೇಳುವಂತಿದೆ.

ಗಂಗಾವತಿ ಎಂದರೆ ಭತ್ತ ಎಂಬುದನ್ನು ಈ ಭಾಗದಲ್ಲಿ ಮಕ್ಕಳಿಗೂ ಹೇಳಿಕೊಡಬೇಕಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು, ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು, ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಗದ್ದೆಗಳ ಹಿಂದೆಯೇ ಗಿರಣಿಗಳು ಬಂದವು. ಸೋನಾ ಮಸೂರಿಯ ಚೀಲಗಳ ಮೇಲೆ ಗಂಗಾವತಿಯ ಹೆಸರು ಅಚ್ಚಾಗಿ ಬೆಂಗಳೂರಿನವರೆಗೂ ಹೋಯಿತು. ಊರಿನ ಹೊರಗೆ ತೌಡಿನ ವಾಸನೆ, ಉಮಿಯ ಗುಡ್ಡೆ, ಲಾರಿಗಳ ಸಾಲು. ಇಷ್ಟೆಲ್ಲ ಇದ್ದೂ ಸಣ್ಣ ಗಿರಣಿಯವರ ಪಾಡು ಸುಖದ್ದೇನಲ್ಲ. ಭತ್ತ ಕೊಟ್ಟ ರೈತನಿಗೆ ಹಣ ಬೇಗ ಕೊಡಬೇಕು, ಅಕ್ಕಿ ಒಯ್ದ ದಲಾಲ ಹಣ ಕೊಡುವುದು ಅವನಿಗೆ ತಿಳಿದಾಗ. ನಡುವಿನ ತಿಂಗಳುಗಳಿಗೆ ಬ್ಯಾಂಕಿನ ಬಡ್ಡಿ ತಪ್ಪುವುದಿಲ್ಲ.

ಆ ಗಿರಣಿಯ ಸಾವಕಾರರದೂ ಇದೇ ಕಥೆ. ಅವರ ತಂದೆ ಕಟ್ಟಿಸಿದ ಗಿರಣಿ. ಒಂದು ಕಾಲಕ್ಕೆ ಎರಡು ಪಾಳಿ ನಡೆಯುತ್ತಿದ್ದುದು ಒಂದಕ್ಕೆ ಇಳಿದಿತ್ತು. ಪಕ್ಕದ ದೊಡ್ಡ ಗಿರಣಿಯವರು ಜಾಗ ಸಮೇತ ಕೊಟ್ಟುಬಿಡಿ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಇಂಥ ಹೊತ್ತಿನಲ್ಲಿ ಮಗಳು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಳು. ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದಿ, ನಾಲ್ಕು ವರ್ಷ ಒಂದು ಕಂಪನಿಯ ಲೆಕ್ಕಪತ್ರ ನೋಡಿದವಳು. ಗಿರಣಿಯನ್ನು ತಾನೇ ನಡೆಸುತ್ತೇನೆ ಎಂದಳು. ಸಾವಕಾರರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. 2023ರ ಬೇಸಿಗೆಯಲ್ಲಿ ಅವಳು ಗಿರಣಿಗೊಂದು ಜಾಲತಾಣ ಮಾಡಿಸಿದಳು. ಮೊದಲ ಪುಟದಲ್ಲಿ ಅಜ್ಜನ ಫೋಟೊ, ಎರಡನೆಯದರಲ್ಲಿ ಅಕ್ಕಿಯ ರಾಶಿ, ಮೂರನೆಯದರಲ್ಲಿ ವಿಳಾಸ.

ಹದಿನೈದು ದಿನ ಕಳೆದ ಮೇಲೆ ಸಾವಕಾರರು ಊಟಕ್ಕೆ ಕೂತಾಗ ಕೇಳಿದರು: “ಏನವಾ, ನಿನ್ನ ಅಂಗಡಿಗೆ ಯಾರ್ಯಾರು ಬಂದಿದ್ರು? ಏನು ಕೇಳಿದ್ರು?”

“ಬಂದಿರ್ತಾರ ಅಪ್ಪಾಜಿ. ಯಾರು ಅಂತ ಹೆಂಗ ಹೇಳೋದು?”

“ಬಂದವರ ಯಾರು ಅಂತ ಗೊತ್ತಿಲ್ಲಂದ್ರ ಅದು ಅಂಗಡಿ ಹೆಂಗಾಗತದ? ಅದು ಧರ್ಮಶಾಲಿ.”

ಮಾತು ಚುಚ್ಚಿತು. ಆದರೆ ಮಾತಿನಲ್ಲಿ ಹುಸಿಯಿರಲಿಲ್ಲ.

ಜಾಲತಾಣಕ್ಕೆ ಬಂದವರ ಲೆಕ್ಕ ಇಡಬೇಕೆಂಬ ಯೋಚನೆ ಜಾಲತಾಣದಷ್ಟೇ ಹಳೆಯದು. ಒಂದು ಪುಟವನ್ನು ಯಾರಾದರೂ ತೆರೆದರೆ, ಆ ಪುಟವನ್ನು ಇಟ್ಟುಕೊಂಡಿರುವ ಯಂತ್ರ ಒಂದು ಸಾಲು ಬರೆದುಕೊಳ್ಳುತ್ತದೆ. ಯಾವ ಹೊತ್ತು, ಯಾವ ಸಂಖ್ಯೆಯ ವಿಳಾಸದಿಂದ, ಯಾವ ಪುಟ, ಇಷ್ಟು. ಇದು ಸಂತೆಯ ನಾಕಾದಲ್ಲಿ ಬಂಡಿಗಳನ್ನು ಬರೆದುಕೊಳ್ಳುತ್ತಿದ್ದ ಕಾರಕೂನನ ಕೆಲಸವೇ. ಆ ಸಾಲುಗಳನ್ನು ಒಟ್ಟುಗೂಡಿಸಿ ಹೇಳುವ ‘ಅನಲಾಗ್’ ಎಂಬ ಉಚಿತ ತಂತ್ರಾಂಶವನ್ನು 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀಫನ್ ಟರ್ನರ್ ಬರೆದರು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಕೊಟ್ಟದ್ದೂ ಅದೇ ವರ್ಷದ ಆಗಸ್ಟ್ 15ರಂದು. ಆಗ ಎಲ್ಲರ ಬಾಯಲ್ಲೂ ‘ಹಿಟ್’ ಎಂಬ ಮಾತು. ನಮ್ಮ ತಾಣಕ್ಕೆ ಲಕ್ಷ ಹಿಟ್ ಬಂತು ಎಂದು ಕಂಪನಿಗಳು ಮೀಸೆ ತಿರುವುತ್ತಿದ್ದವು. ನಿಜವೇನೆಂದರೆ, ಒಂದು ಪುಟದಲ್ಲಿ ಹತ್ತು ಚಿತ್ರಗಳಿದ್ದರೆ ಒಬ್ಬನು ಒಂದು ಸಲ ನೋಡಿದರೂ ಹನ್ನೊಂದು ಹಿಟ್ ಆಗುತ್ತಿತ್ತು. ಒಬ್ಬ ಬೀಗರು ಬಂದು ಹತ್ತು ಹೋಳಿಗೆ ತಿಂದರೆ ಹನ್ನೊಂದು ಮಂದಿ ಬೀಗರು ಬಂದರೆಂದು ಬರೆದುಕೊಂಡ ಹಾಗೆ!

ಬಂದವನೇ ಮತ್ತೆ ಬಂದನೋ, ಹೊಸಬನೋ ಎಂದು ತಿಳಿಯುವುದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ‘ಕುಕಿ’ ಎಂಬ ಉಪಾಯವನ್ನು ಕಂಡುಹಿಡಿದಿದ್ದರು. ನೋಡುವವನ ಯಂತ್ರದಲ್ಲೇ ಒಂದು ಸಣ್ಣ ಚೀಟಿ ಇಟ್ಟು ಕಳಿಸುವುದು. ಮುಂದಿನ ಸಲ ಅವನು ಬಂದಾಗ ಚೀಟಿ ನೋಡಿ ಗುರುತು ಹಿಡಿಯುವುದು. ಅರ್ಚಿನ್ ಎಂಬ ಕಂಪನಿ ಇದನ್ನೆಲ್ಲ ಸೇರಿಸಿ ಒಳ್ಳೆಯ ಲೆಕ್ಕದ ಯಂತ್ರ ಮಾಡಿತು. 2005ರಲ್ಲಿ ಗೂಗಲ್ ಅದನ್ನು ಕೊಂಡು, ‘ಗೂಗಲ್ ಅನಲಿಟಿಕ್ಸ್’ ಎಂದು ಹೆಸರಿಟ್ಟು, ಅದೇ ವರ್ಷ ನವೆಂಬರಿನಲ್ಲಿ ಎಲ್ಲರಿಗೂ ಪುಕ್ಕಟೆ ಕೊಟ್ಟುಬಿಟ್ಟಿತು. ಅದರ ಹಳೆಯ ರೂಪ 2023ರ ಜುಲೈ 1ರಿಂದ ಹೊಸ ಲೆಕ್ಕ ಬರೆಯುವುದನ್ನು ನಿಲ್ಲಿಸಿತು, ಈಗಿರುವುದು ನಾಲ್ಕನೆಯ ರೂಪ. ಪುಕ್ಕಟೆ ಕೊಡುವವನಿಗೂ ಏನೋ ಗಿಟ್ಟುತ್ತದೆ ಎಂಬುದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಜಾಹೀರಾತು ಮಾರುವವನಿಗೆ ಯಾರು ಏನು ನೋಡುತ್ತಾರೆಂಬುದೇ ಬಂಡವಾಳ.

ಮಗಳು ಗಿರಣಿಯ ತಾಣಕ್ಕೆ ಈ ಲೆಕ್ಕದ ಯಂತ್ರವನ್ನು ಜೋಡಿಸಿದ್ದು ಆ ಜುಲೈ ತಿಂಗಳಲ್ಲೇ. ಜೋಡಿಸಿದ ಮೂರು ವಾರಕ್ಕೆ ಬಂದವರ ಸಂಖ್ಯೆ ಏರತೊಡಗಿತು. ಅಪ್ಪನನ್ನು ಕರೆದು ತೋರಿಸಿದಳು. ಅಮೆರಿಕದ ಊರುಗಳ ಹೆಸರುಗಳೂ ಇದ್ದವು. ಸಾವಕಾರರು ಕನ್ನಡಕ ಏರಿಸಿ ನೋಡಿದರು. ಮನೆತನದ ಹೆಸರು ಸಮುದ್ರ ದಾಟಿತು ಎಂದು ಎರಡು ದಿನ ಹುರುಪಿನಿಂದ ಓಡಾಡಿದರು. ಗುಮಾಸ್ತನಿಗೆ ಹೇಳಿದರು, ಗುಮಾಸ್ತ ಊರಿಗೆಲ್ಲ ಹೇಳಿದ.

ಆದರೆ ಒಂದೂ ಫೋನು ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತ್ತು. ಅಮೆರಿಕದಲ್ಲಿರುವ ಕನ್ನಡಿಗರು, ತೆಲುಗರು ಸೋನಾ ಮಸೂರಿ ಇನ್ನು ಸಿಗುವುದಿಲ್ಲವೇನೋ ಎಂದು ಗಾಬರಿಬಿದ್ದು ಅಂಗಡಿ ಅಂಗಡಿ ತಿರುಗುತ್ತಿದ್ದ ದಿನಗಳವು. ಅಂಗಡಿ ತಿರುಗಿದವರು ಕಂಪ್ಯೂಟರಿನಲ್ಲೂ ತಿರುಗಿದ್ದರು. ಅವರಿಗೆ ಅಕ್ಕಿ ಬೇಕಿತ್ತು, ಗಿರಣಿಯಲ್ಲಿ ಅಕ್ಕಿ ಇತ್ತು, ನಡುವೆ ಕಾನೂನು ನಿಂತಿತ್ತು. ಆ ನಿಷೇಧ ಎದ್ದದ್ದು ಹದಿನಾಲ್ಕು ತಿಂಗಳ ಮೇಲೆ, 2024ರ ಸೆಪ್ಟೆಂಬರ್ 28ಕ್ಕೆ.

ಇನ್ನೊಂದು ತಮಾಷೆಯೂ ಬಯಲಾಯಿತು. ಗಂಗಾವತಿಯಿಂದಲೇ ದಿನಕ್ಕೆ ಹತ್ತು ಹದಿನೈದು ಸಲ ಯಾರೋ ತಾಣಕ್ಕೆ ಬಂದು ಮೊದಲ ಪುಟದಲ್ಲೇ ಕುಳಿತು ಹೋಗುತ್ತಿದ್ದರು. ಭಾರಿ ಗಿರಾಕಿಯೇ ಇರಬೇಕೆಂದು ಮಗಳು ಲೆಕ್ಕ ಹಾಕಿದಳು. ಕೊನೆಗೆ ತಿಳಿಯಿತು, ಸಾವಕಾರರೇ ತಮ್ಮ ಫೋನಿನಲ್ಲಿ ತಮ್ಮ ತಂದೆಯ ಫೋಟೊ ನೋಡುತ್ತ ಕೂಡುತ್ತಿದ್ದರು. ಮನೆಯವರ ಓಡಾಟವನ್ನು ಲೆಕ್ಕದಿಂದ ಬಿಡಬೇಕು ಎಂಬ ಮೊದಲ ಪಾಠವನ್ನು ಈ ವಿದ್ಯೆ ಕಲಿತವರೆಲ್ಲ ಹೀಗೇ ಕಲಿಯುತ್ತಾರೆ. ಯಂತ್ರಗಳೇ ಯಂತ್ರಗಳನ್ನು ನೋಡಲು ಬರುವುದೂ ಉಂಟು. ಅವುಗಳನ್ನು ಈ ಲೆಕ್ಕದ ಯಂತ್ರ ತಕ್ಕಮಟ್ಟಿಗೆ ಜರಡಿ ಹಿಡಿಯುತ್ತದೆ.

ಆ ವರ್ಷದ ದೀಪಾವಳಿ ಪಾಡ್ಯದಂದು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡಿದ ಮೇಲೆ ಸಾವಕಾರರು ಮಗಳನ್ನು ಕೂರಿಸಿಕೊಂಡು ಹೇಳಿದರು: “ನೋಡವಾ, ನಿನಗ ಒಂದು ವರ್ಷ ಕೊಡ್ತೀನಿ. ಮುಂದಿನ ಪಾಡ್ಯಕ್ಕ ಈ ಗಿರಣಿ ತನ್ನ ಬಡ್ಡಿ ತಾನು ಕಟ್ಟಿದ್ರ ನಿಂದು. ಇಲ್ಲಂದ್ರ ಬಾಜೂದವರಿಗೆ ಕೊಟ್ಟು ಋಣ ಮುಕ್ತ ಆಗೋಣ. ಹಮಾಲರು ನಮ್ಮನ್ನ ನಂಬ್ಯಾರ. ಅವರ ಪಗಾರ ಬಾಕಿ ಇಟ್ಟು ನಾ ಗಿರಣಿ ನಡಸೂದಿಲ್ಲ.”

ಅಲ್ಲಿಂದ ಮುಂದೆ ಮಗಳು ಬಂದವರ ಒಟ್ಟು ಸಂಖ್ಯೆಯನ್ನು ನೋಡುವುದನ್ನೇ ಬಿಟ್ಟಳು. ಬೇರೆ ಮೂರು ಪ್ರಶ್ನೆ ಹಿಡಿದುಕೊಂಡಳು. ಬಂದವರು ಎಲ್ಲಿಂದ ಬಂದರು? ಯಾವ ಪುಟದಲ್ಲಿ ನಿಂತರು? ಯಾವ ಬಾಗಿಲಿನಿಂದ ಹೊರಗೆ ಹೋದರು?

ಈ ಮೂರಕ್ಕೂ ಯಂತ್ರ ಉತ್ತರ ಕೊಡುತ್ತದೆ. ಗೂಗಲ್‌ನಲ್ಲಿ ಹುಡುಕಿ ಬಂದರೋ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೊಂಡಿಯಿಂದ ಬಂದರೋ, ವ್ಯಾಪಾರದ ಜಾಹೀರಾತು ತಾಣದಿಂದ ಬಂದರೋ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಕೊಂಡಿಗೆ ಒಂದು ಗುರುತಿನ ಬಾಲ ಹಚ್ಚಿ ಕಳಿಸಿದರಂತೂ ಯಾವ ಚೀಟಿ ಯಾವ ಗಿರಾಕಿಯನ್ನು ತಂದಿತು ಎಂಬುದೂ ತಿಳಿಯುತ್ತದೆ. ಹಾಗೆಯೇ ಬಂದವನು ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ, ಇಲ್ಲವೆ ಎರಡು ಪುಟ ನೋಡಿದರೆ, ಇಲ್ಲವೆ ಫೋನ್ ನಂಬರ್ ಒತ್ತುವಂಥ ಕೆಲಸ ಮಾಡಿದರೆ ಮಾತ್ರ ಅವನನ್ನು ‘ಮನಸ್ಸಿಟ್ಟು ನೋಡಿದವನು’ ಎಂದು ಈಗಿನ ಯಂತ್ರ ಎಣಿಸುತ್ತದೆ. ಉಳಿದವರು ಬಾಗಿಲಲ್ಲಿ ಇಣುಕಿ ಹೋದವರು. ಇಷ್ಟರ ಮೇಲೆ ‘ಹುಡುಕಾಟದ ಮಾತು’ ತೋರಿಸುವ ಇನ್ನೊಂದು ಉಚಿತ ಸಾಧನವಿದೆ. ಜನ ಏನೆಂದು ಬರೆದು ಹುಡುಕಿದಾಗ ನಮ್ಮ ಹೆಸರು ಕಾಣಿಸಿತು ಎಂಬುದನ್ನು ಅದು ಹೇಳುತ್ತದೆ.

ಅದನ್ನು ತೆರೆದು ನೋಡಿದಾಗ ಮಗಳಿಗೆ ಅಚ್ಚರಿಯಾಯಿತು. ಜನ ‘ಉತ್ತಮ ಅಕ್ಕಿ’ ಎಂದೋ ‘ಗುಣಮಟ್ಟದ ಗಿರಣಿ’ ಎಂದೋ ಹುಡುಕಿರಲಿಲ್ಲ. ‘ಹಳೇ ಸೋನಾ ಮಸೂರಿ’ ಎಂದು ಹುಡುಕಿದ್ದರು. ‘ಸ್ಟೀಮ್ ಅಕ್ಕಿ, ರಾ ಅಕ್ಕಿ ವ್ಯತ್ಯಾಸ’ ಎಂದು ಹುಡುಕಿದ್ದರು. ‘26 ಕೆ.ಜಿ. ಚೀಲ’ ಎಂದು ಹುಡುಕಿದ್ದರು. ಈ 26ರ ಕಥೆ ಗೃಹಿಣಿಯರಿಗೆ ಗೊತ್ತಿರುವುದೇ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಂತು. ಚೀಲದ ತೂಕ ರಾತ್ರೋರಾತ್ರಿ ಒಂದು ಕೆ.ಜಿ. ಹೆಚ್ಚಿತು. ಗಿರಣಿಯ ತಾಣದಲ್ಲಿ ಮಾತ್ರ ಇನ್ನೂ 25 ಕೆ.ಜಿ. ಚೀಲದ ಚಿತ್ರವೇ ಇತ್ತು.

ಅಕ್ಕಿಯ ಪುಟದಲ್ಲಿ ಜನ ಬಹಳ ಹೊತ್ತು ನಿಲ್ಲುತ್ತಿದ್ದರು, ಆಮೇಲೆ ಎದ್ದು ಹೋಗುತ್ತಿದ್ದರು. ಏಕೆಂದು ಮಗಳು ತಲೆ ಕೆರೆದುಕೊಂಡಳು. ಸಾವಕಾರರು ಪರದೆಯನ್ನು ಒಂದು ನಿಮಿಷ ನೋಡಿ ನಕ್ಕರು.

“ಎಷ್ಟು ತಿಂಗಳ ಹಳೇದು ಅಂತ ಎಲ್ಲಿ ಬರದಿ? ನಮ್ಮ ಗಾದಿಗೆ ಬಂದವರು ಮೊದಲು ಕೇಳೋದು ಅದನ್ನ. ಚೀಲಕ್ಕ ಕೊಳವಿ ಚುಚ್ಚಿ ಕಾಳು ತಗದು, ಅಂಗೈಯಾಗ ಇಟ್ಟು, ಹಲ್ಲಿಲೆ ಕಡದು ನೋಡ್ತಾರ. ಹೊಸಾ ಅಕ್ಕಿ ಅನ್ನ ಮುದ್ದಿ ಆಗತದ. ಖಾನಾವಳಿ ಅವನಿಗೆ ಅದು ನಡಿಯೂದಿಲ್ಲ. ಅವ ನಿನ್ನ ಪುಟದಾಗ ಅದನ್ನ ಹುಡಿಕ್ಯಾಡಿ ಸಿಗಲಾರದಕ್ಕ ಎದ್ದು ಹೋಗ್ಯಾನ.”

ಯಂತ್ರ ‘ಎದ್ದು ಹೋದ’ ಎಂದು ಹೇಳಿತ್ತು. ‘ಏಕೆ’ ಎಂದು ಹೇಳಿದ್ದು ನಲವತ್ತು ವರ್ಷ ಗಾದಿಯ ಮೇಲೆ ಕೂತಿದ್ದ ಮನುಷ್ಯ. ಆ ದಿನದಿಂದ ಅಪ್ಪ ಮಗಳಿಬ್ಬರೂ ಸೋಮವಾರ ಸಂಜೆ ಜೊತೆಗೆ ಕೂತು ವಾರದ ಲೆಕ್ಕ ನೋಡತೊಡಗಿದರು. ಪ್ರತಿ ಅಕ್ಕಿಯ ಮುಂದೆ ಅದು ಎಷ್ಟು ತಿಂಗಳು ಹಳೆಯದು, ಸ್ಟೀಮೋ ರಾ ಅಕ್ಕಿಯೋ, ನುಚ್ಚು ಎಷ್ಟಿದೆ ಎಂಬುದನ್ನು ಬರೆದರು. ಬೇಯಿಸಿದ ಅನ್ನದ ಫೋಟೊ ಹಾಕಿದರು. ಫೋನ್ ನಂಬರು ಮೂರನೆಯ ಪುಟದ ತಳದಲ್ಲಿತ್ತು, ಅದನ್ನು ಎಲ್ಲ ಪುಟಗಳ ನೆತ್ತಿಗೆ ತಂದರು. ಬಂದವರಲ್ಲಿ ಬಹುಪಾಲು ಜನ ಮೊಬೈಲಿನಲ್ಲೇ ನೋಡುತ್ತಾರೆಂದು ಯಂತ್ರ ಹೇಳುತ್ತಿತ್ತು. ಮೊಬೈಲಿನಲ್ಲಿ ಹೆಸರು, ಊರು, ಕಂಪನಿ, ಇ-ಮೇಲ್, ಪಿನ್‌ಕೋಡ್ ಎಂದು ಎಂಟು ಖಾನೆ ತುಂಬುವ ತಾಳ್ಮೆ ಯಾರಿಗಿದೆ? ಎಂಟನ್ನು ತೆಗೆದು ಎರಡು ಮಾಡಿದರು. ಏನು ಬೇಕು, ಎಷ್ಟು ಬೇಕು. ಇಂಗ್ಲಿಷ್ ಪುಟಗಳ ಪಕ್ಕಕ್ಕೆ ಕನ್ನಡದ ಪುಟಗಳೂ ಬಂದವು.

ಫೋನು ಮಾಡಿದ ಪ್ರತಿಯೊಬ್ಬರಿಗೂ ಮಗಳು ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದಳು: “ನಮ್ಮ ಹೆಸರು ನಿಮಗ ಎಲ್ಲಿ ಸಿಕ್ತುರಿ?” ಉತ್ತರವನ್ನು ಯಂತ್ರಕ್ಕಲ್ಲ, ಅಪ್ಪನ ಕೆಂಪು ಬಟ್ಟೆಯ ಖಾತೆ ಪುಸ್ತಕದ ಅಂಚಿಗೆ ಬರೆಯುತ್ತಿದ್ದಳು. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡಿದಾಗ ಒಂದು ಸತ್ಯ ಹೊರಗೆ ಬಂತು. ದುಡ್ಡು ಕೊಟ್ಟು ಹಾಕಿದ ಜಾಹೀರಾತಿನಿಂದ ಬಹಳ ಜನ ಬರುತ್ತಿದ್ದರು, ಆದರೆ ಅವರಲ್ಲಿ ಕೊಂಡವರು ವಿರಳ. ಕನ್ನಡದ ‘ಹಳೇ ಅಕ್ಕಿ’ ಪುಟಕ್ಕೆ ಬರುತ್ತಿದ್ದವರು ಸ್ವಲ್ಪ ಜನ, ಆದರೆ ಅವರಲ್ಲಿ ಫೋನು ಮಾಡದವರೇ ಕಡಿಮೆ. ಫೋನು ಮಾಡುವ ಮೊದಲು ಅವರಲ್ಲಿ ಹೆಚ್ಚಿನವರು ಅಜ್ಜನ ಫೋಟೊ ಇದ್ದ ಪುಟವನ್ನೂ ನೋಡಿ ಬಂದಿರುತ್ತಿದ್ದರು. ಹಣ ಕಳಿಸುವ ಮುನ್ನ ಮನುಷ್ಯನ ಮುಖ ನೋಡುವ ಅಭ್ಯಾಸ ಎಲ್ಲಿ ಹೋದೀತು?

ವ್ಯಾಪಾರದ ಭಾಷೆಯಲ್ಲಿ ಹೀಗೆ ಕೊಳ್ಳುವ ಸೂಚನೆ ತೋರಿಸಿದವನನ್ನು ‘ಲೀಡ್’ ಎನ್ನುತ್ತಾರೆ. ಕೊಂಡವನಲ್ಲ, ಕೊಳ್ಳಬಹುದಾದವನು. ಹೊಲದಲ್ಲಿ ಬಿದ್ದ ಬೀಜ, ಇನ್ನೂ ಪೈರಲ್ಲ. ಬೀಜಕ್ಕೆ ನೀರು ಹಾಯಿಸುವುದು ಯಂತ್ರದ ಕೆಲಸವಲ್ಲ.

2024ರ ಆಗಸ್ಟ್ ಬಂತು. 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಕೊಪ್ಪಳ, ಗಂಗಾವತಿ, ಕಾರಟಗಿ, ಎಲ್ಲ ಕಡೆಯೂ ಒಂದೇ ಮಾತು: ನೀರು ಉಳಿದೀತೇ? ಭತ್ತದ ನಾಟಿಯಾದ ಗದ್ದೆಗಳನ್ನು ನೋಡುತ್ತ ರೈತರು ನಿಟ್ಟುಸಿರು ಬಿಟ್ಟರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಿ ತಡೆಯುವ ಹೊತ್ತಿಗೆ ಒಂದು ವಾರವಾಗಿತ್ತು. ಆ ವಾರ ಗಿರಣಿಯ ತಾಣಕ್ಕೆ ಹಿಂದೆಂದೂ ಬಾರದಷ್ಟು ಜನ ಬಂದರು. ಒಂದು ವರ್ಷದ ಹಿಂದಾಗಿದ್ದರೆ ಮಗಳು ಕುಣಿಯುತ್ತಿದ್ದಳು. ಈಗ ನೋಡಿದ ಕೂಡಲೇ ಗೊತ್ತಾಯಿತು. ಬಂದವರು ಕಾಲುವೆ, ನೀರು ಎಂದು ಬರೆದಿದ್ದ ಒಂದೇ ಪುಟ ನೋಡಿ ಹೋಗಿದ್ದರು. ಅವರು ಸುದ್ದಿಗೆ ಬಂದವರು, ಅಕ್ಕಿಗಲ್ಲ. ಆ ಜಾತ್ರೆಯ ನಡುವೆ ಮೂರು ಜನ ಮಾತ್ರ ದರದ ಪುಟಕ್ಕೆ ಹೋಗಿ, ಮರುದಿನ ಮತ್ತೆ ಬಂದು, ಮತ್ತೆ ಅದೇ ಪುಟ ನೋಡಿದ್ದರು. ಮುಂದೆ ಅಕ್ಕಿ ತುಟ್ಟಿಯಾದೀತೆಂದು ಹೆದರಿದ ಖಾನಾವಳಿಯವರು ಇರಬೇಕು. ಅವರಲ್ಲಿ ಇಬ್ಬರು ಫೋನು ಮಾಡಿದರು.

“ಈಗ ರೇಟ್ ಏರಸೂನು ಏನಪ್ಪಾಜಿ?” ಎಂದಳು ಮಗಳು.

“ಹೆದರಿ ಬಂದವನ ಕಡೆ ಜಾಸ್ತಿ ತಗೊಂಡ್ರ ಅವ ಹೆದರಿಕಿ ಹೋದ ಮ್ಯಾಲ ತಿರುಗಿ ನೋಡಂಗಿಲ್ಲ” ಎಂದರು ಸಾವಕಾರರು. ಹಳೆಯ ದರಕ್ಕೇ ಅಕ್ಕಿ ಹೋಯಿತು.

ಆದರೂ ಪಾಡ್ಯ ಹತ್ತಿರ ಬರುತ್ತಿತ್ತು, ಬಡ್ಡಿಯ ಲೆಕ್ಕ ಇನ್ನೂ ಕೂಡಿರಲಿಲ್ಲ. ಅಂಥ ದಿನವೇ ಬೆಂಗಳೂರಿನಿಂದ ಒಬ್ಬನ ಫೋನು ಬಂತು. ನಿಮ್ಮ ತಾಣಕ್ಕೆ ಬಂದು ಏನೂ ಹೇಳದೆ ಹೋದವರ ಮೊಬೈಲ್ ನಂಬರುಗಳನ್ನು ನಾವು ಹುಡುಕಿ ಕೊಡುತ್ತೇವೆ, ತಿಂಗಳಿಗೆ ಇಷ್ಟು ಕೊಡಿ, ನೀವೇ ಫೋನು ಮಾಡಿ ಮಾರಿಕೊಳ್ಳಿ ಎಂದು. ದೊಡ್ಡ ಕಂಪನಿಗಳ ಅಂತರಜಾಲ ವಿಳಾಸದ ಸಂಖ್ಯೆಯಿಂದ ಕಂಪನಿಯ ಹೆಸರನ್ನು ಕಂಡುಹಿಡಿಯುವುದು ಸಾಧ್ಯವಿದೆ, ಅದೇನೂ ಗುಟ್ಟಲ್ಲ. ಆದರೆ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದ ಮನುಷ್ಯನ ನಂಬರು ಆ ದಾರಿಯಲ್ಲಿ ಸಿಗುವುದಿಲ್ಲ. ಅದನ್ನು ಇನ್ನೆಲ್ಲೋ, ಇನ್ಯಾರಿಂದಲೋ, ಅವನಿಗೆ ತಿಳಿಯದ ಹಾಗೆ ತರಬೇಕು.

ಈ ಸಲ ಆಸೆಪಟ್ಟವರು ಸಾವಕಾರರು. ಬಡ್ಡಿ ಕಟ್ಟುವವನಿಗೆ ಹುಲ್ಲುಕಡ್ಡಿಯೂ ಆಸರೆ. “ಕೊಟ್ರ ಕೊಡ್ಲಿ ಬಿಡವಾ. ಹತ್ತು ಮಂದಿಗೆ ಮಾಡಿದ್ರ ಒಬ್ಬ ತಗೋತಾನ.”

ಮಗಳು ಕೂಡಲೇ ಉತ್ತರಿಸಲಿಲ್ಲ. ಅಪ್ಪನ ಫೋನು ತೆಗೆದುಕೊಂಡು ಹಿಂದಿನ ವರ್ಷದ ಕರೆಗಳನ್ನು ತೋರಿಸಿದಳು. ಅಕ್ಕಿಯಲ್ಲಿನ ಕರಿ ಕಾಳು ಬೇರೆ ಮಾಡುವ ಯಂತ್ರದ ಬೆಲೆಯನ್ನು ಸಾವಕಾರರು ಎಲ್ಲೋ ಒಂದು ಸಲ ವಿಚಾರಿಸಿದ್ದರು. ಅಂದಿನಿಂದ ಮೂರು ತಿಂಗಳು, ಕೇಳಿದ ಕಂಪನಿಯಲ್ಲದೆ ಹೆಸರೇ ಕೇಳದ ನಾಲ್ಕು ಕಂಪನಿಯವರು, ಸಾಲ ಕೊಡುವವರು, ವಿಮೆಯವರು ಫೋನು ಮಾಡಿದ್ದರು. ಸಾವಕಾರರ ಅಣ್ಣ ತೀರಿಕೊಂಡ ದಿನ, ಹೆಣ ಅಂಗಳದಲ್ಲಿರುವಾಗಲೇ, ಒಬ್ಬಾಕೆ ಫೋನು ಮಾಡಿ ಕಂತಿನ ಲೆಕ್ಕ ಹೇಳಿದ್ದಳು. ಅಂದು ಸಾವಕಾರರು ಫೋನನ್ನು ಗೋಡೆಗೆ ಬೀಸಿ ಒಗೆದಿದ್ದರು. ಒಡೆದ ಗಾಜಿನ ಗೆರೆ ಇನ್ನೂ ಅದರ ಮೂಲೆಯಲ್ಲಿತ್ತು.

ಸಾವಕಾರರು ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. “ಬ್ಯಾಡಂತ ಹೇಳಿಬಿಡು” ಎಂದರು.

ಅಂಗಡಿಗೆ ಬಂದವನನ್ನು ಗಮನಿಸುವುದು ಬೇರೆ, ಅವನ ಬೆನ್ನು ಹತ್ತಿ ಮನೆಯವರೆಗೆ ಹೋಗುವುದು ಬೇರೆ. ಈ ಗೆರೆ ಎಲ್ಲಿದೆ ಎಂಬ ಬಗ್ಗೆ ನಮ್ಮ ದೇಶದ ದೊಡ್ಡ ತೀರ್ಪೊಂದು ಕನ್ನಡನಾಡಿನವರ ಹೆಸರಿನಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಸಂಸತ್ತು ಕಾಯ್ದೆ ಮಾಡಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಕಾಯ್ದೆಯ ತಿರುಳು ಗಾದಿಯ ಮೇಲಿನ ನೀತಿಗಿಂತ ದೂರವಿಲ್ಲ. ಕೇಳಿ ತೆಗೆದುಕೋ, ಹೇಳಿದ ಕೆಲಸಕ್ಕೆ ಮಾತ್ರ ಬಳಸು.

ಗಂಗಾವತಿಯ ಅಕ್ಕಿಗೆ ಆದದ್ದು ಜಿಲ್ಲೆಯ ಉಳಿದ ಕಸುಬುಗಳಿಗೂ ಆಗಬಹುದಾದದ್ದೇ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗರುಡ, ದುರ್ಗೆ, ಗೌರಿಯರನ್ನು ಕೆತ್ತಿ, ಹುಣಸೆ ಬೀಜದ ಸರಿ ಹಚ್ಚಿ, ಬಣ್ಣ ಹಾಕುತ್ತಾರೆ. ಆ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆದರೆ ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ‘ಕಿನ್ಹಾಳ’ ಎಂದು ಬರೆದವರಿದ್ದಾರೆ, ‘ಕಿನ್ನಾಳ’, ‘ಕಿನ್ನಾಲ್’ ಎಂದು ಬರೆದವರಿದ್ದಾರೆ. ಒಂದೇ ಕಾಗುಣಿತದಲ್ಲಿ ಪುಟ ಮಾಡಿದವನಿಗೆ, ಇನ್ನೊಂದರಲ್ಲಿ ಹುಡುಕುವವನು ಸಿಗದೆ ಹೋಗಬಹುದು. ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಪಾಡೂ ಹಾಗೆಯೇ. 1112ರಲ್ಲಿ ಚಾಲುಕ್ಯ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿಯನ್ನು ಹುಡುಕುವವರು ಇಟ್ಟಿಗೆ ಭಟ್ಟಿಯ ಪುಟಕ್ಕೆ ಹೋಗಿ ನಿಂತರೂ ಆಶ್ಚರ್ಯವಿಲ್ಲ. ಹುಡುಕಾಟದ ಮಾತುಗಳನ್ನು ನೋಡಿದರೆ ಇದು ತಿಳಿಯುತ್ತದೆ, ತಿದ್ದಿಕೊಳ್ಳಲು ಒಂದು ಸಂಜೆ ಸಾಕು.

ದಸರೆಯ ಗೊಂಬೆಗಳನ್ನು ಜನ ಹುಡುಕುವುದು ಹಬ್ಬ ಹತ್ತಿರ ಬಂದಾಗ. ಮರ ಒಣಗಿಸಿ, ಕೆತ್ತಿ, ಮೆತ್ತಿ, ಬಣ್ಣ ಏರಿಸಿ ಮುಗಿಸುವುದು ನಾಲ್ಕು ದಿನದ ಕೆಲಸವಲ್ಲ. ಹೋದ ವರ್ಷ ಜನ ಯಾವ ವಾರದಿಂದ ಹುಡುಕತೊಡಗಿದರು ಎಂದು ತಿಳಿದರೆ ಈ ವರ್ಷ ಕೆಲಸ ಯಾವಾಗ ಹಿಡಿಯಬೇಕೆಂದು ಗೊತ್ತಾಗುತ್ತದೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಕಡೆ ಇಳಕಲ್ ಸೀರೆ ನೇಯುವವರಿಗೂ ಇದು ಒದಗುವ ಮಾತು. ಮಗ್ಗದ ಸೀರೆಯ ಪುಟದಲ್ಲಿ ನಿಂತವರು ಸೆರಗಿನ ಚಿತ್ರವನ್ನೋ ಬೆಲೆಯನ್ನೋ, ಯಾವುದನ್ನು ನೋಡಿ ಹೋದರೆಂಬುದು ನೇಕಾರನಿಗೆ ತಿಳಿದರೆ ನಡುವಿನವನು ಹೇಳಿದ್ದೇ ವೇದವಾಗುವುದಿಲ್ಲ.

ಇಲ್ಲೇ ಒಂದು ಅಪಾಯವೂ ಇದೆ. ಯಂತ್ರ ಹೇಳುವುದು ಜನ ಏನನ್ನು ಕೇಳಿದರು ಎಂದು. ಏನನ್ನು ಮಾಡಬೇಕು ಎಂದಲ್ಲ. ಅಂಗೈಯಗಲದ ಗಣಪನನ್ನು ಎಲ್ಲರೂ ನೋಡುತ್ತಾರೆ, ಆಳೆತ್ತರದ ಗರುಡನನ್ನು ವರ್ಷಕ್ಕೆ ಒಬ್ಬ ನೋಡುತ್ತಾನೆ ಎಂದುಕೊಳ್ಳಿ. ಲೆಕ್ಕವನ್ನೇ ನಂಬಿದರೆ ಗರುಡನನ್ನು ಕೆತ್ತುವ ಕೈ ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಆ ಒಬ್ಬ ಬಂದ ದಿನ ಅವನಿಗೆ ತೋರಿಸಲು ಏನೂ ಇರುವುದಿಲ್ಲ. ಕೇಳಿದ್ದನ್ನು ಮಾರಿ, ಕೇಳದಿದ್ದುದನ್ನೂ ಒಂದಿಷ್ಟು ಉಳಿಸಿಕೊಳ್ಳುವುದು ಕಸುಬುದಾರನ ಜಾಣತನ. ಅದಕ್ಕೆ ಯಾವ ಯಂತ್ರದಲ್ಲೂ ಖಾನೆಯಿಲ್ಲ.

2024ರ ನವೆಂಬರ್ 2ರಂದು ಪಾಡ್ಯ ಬಂತು. ಗಿರಣಿಯ ಲೆಕ್ಕ ಕೂಡಿಸಿದರು. ಪವಾಡವೇನೂ ಆಗಿರಲಿಲ್ಲ. ಎರಡನೆಯ ಪಾಳಿ ಇನ್ನೂ ಶುರುವಾಗಿರಲಿಲ್ಲ. ಅಕ್ಕಿಯ ಹೆಚ್ಚಿನ ಪಾಲು ಈಗಲೂ ದಲಾಲರ ಕೈಯಲ್ಲೇ ಹೋಗುತ್ತಿತ್ತು. ಆದರೆ ತಾಣದ ದಾರಿಯಲ್ಲಿ ಬಂದ ಹನ್ನೊಂದು ಖಾಯಂ ಗಿರಾಕಿಗಳಿದ್ದರು. ಎರಡು ಖಾನಾವಳಿ, ಒಂದು ವಿದ್ಯಾರ್ಥಿ ಮೆಸ್, ಮದುವೆ ಅಡುಗೆಯ ಗುತ್ತಿಗೆದಾರರು, ಉಳಿದವು ಸಣ್ಣ ಕಿರಾಣಿ ಅಂಗಡಿಗಳು. ಅವರೆಲ್ಲ ಹಣವನ್ನು ಅಕ್ಕಿ ಮುಟ್ಟಿದ ವಾರದಲ್ಲೇ ಕಳಿಸುತ್ತಿದ್ದರು. ಉದ್ರಿಯ ತಿಂಗಳುಗಳು ಅಷ್ಟು ಕಡಿಮೆಯಾಗಿ, ಆ ಪ್ರಮಾಣಕ್ಕೆ ಬಡ್ಡಿಯೂ ಇಳಿದಿತ್ತು. ವರ್ಷದ ಬಡ್ಡಿ ಗಿರಣಿಯ ದುಡಿಮೆಯಿಂದಲೇ ತೀರಿತ್ತು, ಹಮಾಲರ ಪಗಾರದಲ್ಲಿ ಬಾಕಿಯಿರಲಿಲ್ಲ. ಅಸಲು ಮಾತ್ರ ಇನ್ನೂ ಹಾಗೆಯೇ ಇತ್ತು.

ಪಕ್ಕದ ಗಿರಣಿಯವರಿಗೆ ಸಾವಕಾರರು ಈ ವರ್ಷ ಬೇಡವೆಂದು ಹೇಳಿ ಕಳಿಸಿದರು. ಮುಂದಿನ ವರ್ಷದ ಮಾತನ್ನು ಆಡಲಿಲ್ಲ. ಹೊಸ ಖಾತೆ ಪುಸ್ತಕಕ್ಕೆ ಅರಿಸಿನ ಕುಂ‌ಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಎಂದಿನಂತೆ ಗೆರೆ ಎಳೆದರು. ತಾರೀಖು, ಹೆಸರು, ಚೀಲ, ದರ, ಜಮಾ, ಬಾಕಿ. ಅವರ ತಂದೆಯ ಕಾಲದಿಂದಲೂ ಆ ಪುಸ್ತಕಕ್ಕೆ ಆರೇ ಖಾನೆ. ಆ ದಿನ ಅವರು ಅಡ್ಡಪಟ್ಟಿ ಸರಿಸಿ, ಹೆಸರಿನ ಪಕ್ಕಕ್ಕೆ ಏಳನೆಯ ಗೆರೆಯೊಂದನ್ನು ಎಳೆದು, ತಲೆಯಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ ‘ಎಲ್ಲಿಂದ ಬಂದರು’ ಎಂದು ಬರೆದರು. ಆಮೇಲೆ ಪೆನ್ನನ್ನು ಮಗಳ ಕೈಗೆ ಕೊಟ್ಟರು.